29 ವಾರಕ್ಕೆ ಹುಟ್ಟಿದ ಮಗುವಿಗೆ ಪ್ರೋಬಯಾಟಿಕ್: ಒಪ್ಪಿಗೆ ಕೊಡಬಹುದೇ?

ಪ್ರಶ್ನೆ (ಮಗುವಿನ ಸೋದರಮಾವ):
ನನ್ನ ತಂಗಿಗೆ 29ನೇ ವಾರದಲ್ಲೇ ಹೆರಿಗೆಯಾಗಿದ್ದು, 1,150 ಗ್ರಾಂ ತೂಕದ ಮಗು ಒಂಬತ್ತು ದಿನಗಳಿಂದ ನವಜಾತ ಶಿಶುಗಳ ತೀವ್ರ ನಿಗಾ ಘಟಕವಾದ ಎನ್‌ಐಸಿಯುನಲ್ಲಿದೆ. ತಾಯಿಯ ಹಾಲನ್ನು ಕೊಳವೆಯ ಮೂಲಕ ಸ್ವಲ್ಪಸ್ವಲ್ಪವಾಗಿ ಕೊಡುತ್ತಿದ್ದಾರೆ. ಕರುಳಿನ ರಕ್ಷಣೆಗಾಗಿ ಪ್ರೋಬಯಾಟಿಕ್ (ಹಿತಕರವಾದ ಜೀವಂತ ಬ್ಯಾಕ್ಟೀರಿಯಾ) ಆರಂಭಿಸುತ್ತೇವೆಂದು ವೈದ್ಯರು ನಿನ್ನೆ ಒಪ್ಪಿಗೆ ಕೇಳಿದರು. ಅಷ್ಟರಲ್ಲಿ ನ್ಯೂಜೆರ್ಸಿಯಲ್ಲಿರುವ ಭಾವನವರು, ಅಮೆರಿಕದ ಆಹಾರ ಮತ್ತು ಔಷಧ ನಿಯಂತ್ರಣ ಸಂಸ್ಥೆಯಾದ ಎಫ್‌ಡಿಎ 2023ರಲ್ಲಿ ಇದರ ಬಗ್ಗೆ ಎಚ್ಚರಿಕೆ ಹೊರಡಿಸಿದೆ ಎಂಬ ಸುದ್ದಿ ಕಳುಹಿಸಿದ್ದಾರೆ. ನಮ್ಮ ಅಜ್ಜಿಯೋ, ಮಜ್ಜಿಗೆಯ ತಿಳಿಯಲ್ಲಿ ಇರುವುದೂ ಅದೇ ತಾನೇ ಎನ್ನುತ್ತಾರೆ. ಯಾರ ಮಾತನ್ನು ನಂಬಬೇಕು?

ಉತ್ತರ 1 (ಶಿಶುವೈದ್ಯೆ):
ಅಜ್ಜಿಯವರಿಗೆ ಮೊದಲು ಹೇಳಿಬಿಡಿ, ಮಜ್ಜಿಗೆಯ ತಿಳಿಯನ್ನು ಒಂದು ತೊಟ್ಟೂ ಹಾಕುವಂತಿಲ್ಲ.

ದಿನ ತುಂಬದೆ ಹುಟ್ಟಿದ ಮಗುವಿನ ಕರುಳು ಬಲಿತಿರುವುದಿಲ್ಲ. ಎದೆಹಾಲು ಕುಡಿಯುವ, ದಿನ ತುಂಬಿದ ಮಗುವಿನಲ್ಲಿ ತಾನಾಗಿ ನೆಲೆಸುವ, ಕರುಳಿಗೆ ಹಿತವಾದ ಬೈಫಿಡೊಬ್ಯಾಕ್ಟೀರಿಯಂಗಿಂತ ಮೊದಲೇ ಆಸ್ಪತ್ರೆಯ ಬ್ಯಾಕ್ಟೀರಿಯಾಗಳು ಇಲ್ಲಿ ಬೀಡುಬಿಡುತ್ತವೆ. ನಾವು ‘ನೆಕ್’ ಎಂದು ಕರೆಯುವ ನೆಕ್ರೊಟೈಸಿಂಗ್ ಎಂಟರೊಕೊಲೈಟಿಸ್‌ನಲ್ಲಿ ಕರುಳಿನ ಗೋಡೆಯೇ ಉರಿಯೂತದಿಂದ ಕೊಳೆಯತೊಡಗುತ್ತದೆ. ಪ್ರೋಬಯಾಟಿಕ್ ಕೊಡುವುದು ಮುಖ್ಯವಾಗಿ ಇದನ್ನು ತಡೆಯಲು.

ಆಸ್ಟ್ರೇಲಿಯಾ ಮತ್ತು ನ್ಯೂಜಿಲೆಂಡಿನ 1,099 ಶಿಶುಗಳ ಮೇಲೆ ನಡೆದು 2013ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಮೂರು ಬ್ಯಾಕ್ಟೀರಿಯಾ ತಳಿಗಳ ಮಿಶ್ರಣ ಪಡೆದವರಲ್ಲಿ ನೆಕ್ ಪ್ರಮಾಣ ಶೇ. 4.4ರಿಂದ 2.0ಕ್ಕೆ ಇಳಿಯಿತು. ಆದರೆ ಇಂಗ್ಲೆಂಡಿನಲ್ಲಿ 1,315 ಶಿಶುಗಳನ್ನು ಸೇರಿಸಿಕೊಂಡು ನಡೆದ, 2016ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಬೈಫಿಡೊಬ್ಯಾಕ್ಟೀರಿಯಂ ಬ್ರೀವ್‌ನ ಒಂದು ತಳಿಯಿಂದ ಯಾವ ಪ್ರಯೋಜನವೂ ಕಾಣಲಿಲ್ಲ. ಔಷಧ ಪಡೆಯದ ಗುಂಪಿನ ಸುಮಾರು ಅರ್ಧದಷ್ಟು ಶಿಶುಗಳ ಮಲದಲ್ಲೂ ಅದೇ ತಳಿ ಸಿಕ್ಕಿತು ಎಂಬುದು ನನಗೆ ಇಂದಿಗೂ ಬೆರಗು. ಒಂದೇ ವಾರ್ಡಿನಲ್ಲಿ ಬ್ಯಾಕ್ಟೀರಿಯಾ ತೊಟ್ಟಿಲಿನಿಂದ ತೊಟ್ಟಿಲಿಗೆ ಹಾಗೆ ದಾಟುತ್ತದೆ. ವೈದ್ಯಕೀಯ ಪ್ರಯೋಗಗಳ ಪುರಾವೆಯನ್ನು ಒರೆಹಚ್ಚುವ ಕಾಕ್ರೇನ್ ಸಂಸ್ಥೆಯ 2023ರ ವಿಮರ್ಶೆ 60 ಪ್ರಯೋಗಗಳನ್ನು ಒಟ್ಟುಗೂಡಿಸಿ ನೆಕ್ ಕಡಿಮೆಯಾಗಬಹುದು ಎಂದಿತಾದರೂ, ಪುರಾವೆಯ ಖಚಿತತೆ ಕಡಿಮೆಯೆಂದೂ ಸೇರಿಸಿತು.

ಎಫ್‌ಡಿಎ ಎಚ್ಚರಿಕೆಗೆ ಕಾರಣವಾದದ್ದು 1,000 ಗ್ರಾಮಿಗಿಂತ ಕಡಿಮೆ ತೂಕವಿದ್ದ ಒಂದು ಮಗುವಿನ ಸಾವು. ಕೊಟ್ಟಿದ್ದ ಬ್ಯಾಕ್ಟೀರಿಯಾವೇ ರಕ್ತ ಸೇರಿ ನಂಜಾಗಿತ್ತು. ಇಂಥ ಘಟನೆ ಅಪರೂಪ, ಆದರೆ ನಿಜ. ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ 2021ರಲ್ಲೇ ಎಲ್ಲ ಅವಧಿಪೂರ್ವ ಶಿಶುಗಳಿಗೂ ವಾಡಿಕೆಯಂತೆ ಕೊಡುವುದನ್ನು ಬೆಂಬಲಿಸಲಿಲ್ಲ. ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ, 32 ವಾರಕ್ಕೆ ಮೊದಲು ಹುಟ್ಟಿ ತಾಯಿಹಾಲು ಅಥವಾ ದಾನದ ಹಾಲು ಪಡೆಯುತ್ತಿರುವ ಶಿಶುಗಳಿಗೆ ಪರಿಗಣಿಸಬಹುದು ಎಂದಿತು. ನಿಮ್ಮ ಮಗು ಈ ಎರಡನೆಯ ಮಾತಿನ ವ್ಯಾಪ್ತಿಗೆ ಬರುತ್ತದೆ.

ಉತ್ತರ 2 (ಆಸ್ಪತ್ರೆಯ ಫಾರ್ಮಸಿಸ್ಟ್):
ಡಾಕ್ಟರ್ ಹೇಳಿದ್ದಕ್ಕೆ ನನ್ನ ಕಡೆಯಿಂದ ಇಷ್ಟು ಸೇರಿಸುತ್ತೇನೆ. ಡಬ್ಬಿಯ ಮೇಲೆ ಭಾರತದ ಆಹಾರ ಸುರಕ್ಷತಾ ಪ್ರಾಧಿಕಾರವಾದ ಎಫ್‌ಎಸ್‌ಎಸ್‌ಎಐ ಪರವಾನಗಿ ಸಂಖ್ಯೆ ಇದ್ದರೆ ಅದು ಆಹಾರ ಪೂರಕವಾಗಿ ಮಾರಾಟವಾಗುತ್ತಿದೆ, ಔಷಧವಾಗಿ ಅಲ್ಲ. ಅಮೆರಿಕದಲ್ಲಿ 2014ರಲ್ಲಿ ಇಂಥದೇ ಒಂದು ಪೂರಕದ ಪುಡಿಯಲ್ಲಿ ಬೂಷ್ಟು ಸೇರಿಕೊಂಡಿದ್ದರಿಂದ ಅವಧಿಪೂರ್ವ ಶಿಶುವೊಂದು ತೀರಿಕೊಂಡಿತ್ತು. ಆದ್ದರಿಂದ ತಳಿಯ ಪೂರ್ಣ ಹೆಸರೇನು, ಆ ಬ್ಯಾಚಿನ ಶುದ್ಧತೆಯ ಪರೀಕ್ಷಾ ವರದಿ ಇದೆಯೇ, ಪೊಟ್ಟಣವನ್ನು ಎಲ್ಲಿ ಬಿಚ್ಚುತ್ತಾರೆ ಎಂದು ಕೇಳಿ. ಮಗುವಿಗೆ ಸೆಂಟ್ರಲ್ ಲೈನ್ (ದೊಡ್ಡ ರಕ್ತನಾಳಕ್ಕೆ ಹಾಕುವ ಕೊಳವೆ) ಇದ್ದರೆ ಪುಡಿಯನ್ನು ಅದರ ಹತ್ತಿರ ಬಿಚ್ಚಬಾರದು.

ಪ್ರಶ್ನಿಸಿದವರು:
ಇಬ್ಬರಿಗೂ ಧನ್ಯವಾದಗಳು. ಒಡಿಶಾದಲ್ಲಿ ಇದು ಸಾಬೀತಾಗಿದೆ ಎಂದು ಇನ್ನೊಬ್ಬರು ಹೇಳಿದರು. ಹೌದೇ?

ಉತ್ತರ 1 (ಶಿಶುವೈದ್ಯೆ):
ಪ್ರಯೋಗ ನಡೆದದ್ದು ನಿಜ, ಅದು 2017ರಲ್ಲಿ ಪ್ರಕಟವಾಯಿತು. ಹಳ್ಳಿಗಳ 4,556 ಶಿಶುಗಳಲ್ಲಿ ನಂಜು ಮತ್ತು ಸಾವು ಒಟ್ಟಾರೆ ಶೇ. 9ರಿಂದ 5.4ಕ್ಕೆ ಇಳಿದವು. ಆದರೆ ಅವರೆಲ್ಲ 35 ವಾರ ದಾಟಿದ, ಕನಿಷ್ಠ ಎರಡು ಕಿಲೋ ತೂಗುವ ಮಕ್ಕಳು, ಕೊಟ್ಟದ್ದೂ ಬೇರೆ ಬ್ಯಾಕ್ಟೀರಿಯಾ. ಆ ಫಲಿತಾಂಶವನ್ನು 1,150 ಗ್ರಾಮಿನ ಮಗುವಿಗೆ ಹೊಂದಿಸಲಾಗದು.

ನಾನಾಗಿದ್ದರೆ, ಫಾರ್ಮಸಿಸ್ಟ್ ಸೂಚಿಸಿದ ಪ್ರಶ್ನೆಗಳಿಗೆ ನಾಳೆ ರೌಂಡ್ಸ್ ಹೊತ್ತಿಗೆ ಸ್ಪಷ್ಟ ಉತ್ತರ ಸಿಕ್ಕರೆ ಒಪ್ಪುತ್ತಿದ್ದೆ, ಸಿಗದಿದ್ದರೆ ಬೇಡವೆನ್ನುತ್ತಿದ್ದೆ. ಕೊಡಲಿ, ಬಿಡಲಿ, ತಂಗಿ ಎರಡು ಮೂರು ಗಂಟೆಗೊಮ್ಮೆ ಹಾಲು ಹಿಂಡಿ ಕೊಡುವುದನ್ನು ನಿಲ್ಲಿಸಬಾರದು.