ನಿನ್ನೆಯದಲ್ಲದ ಫೋಟೊ

ಶ್ರೀಧರ ಮಾವ: (ಫಾರ್ವರ್ಡ್ ಆದ ಫೋಟೊ) ನಿನ್ನೆ ಟರ್ಕಿಯ ಇಸ್ತಾಂಬುಲ್‌ನಲ್ಲಿ ಒಬ್ಬ ಮನುಷ್ಯ ಗಂಟೆಗಟ್ಟಲೆ ಅಲುಗದೆ ನಿಂತಿದ್ದ. ಧರ್ಮ ಬೇಡವೆನ್ನುವವರ ಹೋರಾಟ ಇದು. ಎಲ್ಲರಿಗೂ ಕಳುಹಿಸಿ.

ವಿದ್ಯಾ: ಮಾವ, ಇದು ನಿನ್ನೆಯದಲ್ಲ, 2013ರ ಜೂನ್‌ನದು. ತಕ್ಸೀಮ್ ಚೌಕದಲ್ಲಿ ನಿಂತವರು ಎರ್ಡೆಮ್ ಗುಂಡುಜ್ ಎಂಬ ನೃತ್ಯ ಕಲಾವಿದರು. ಘೋಷಣೆಯಿಲ್ಲ, ಫಲಕವಿಲ್ಲ. ಕೈ ಜೇಬಿನಲ್ಲಿ, ಚೀಲ ಕಾಲ ಬಳಿ.

ಶ್ರೀಧರ ಮಾವ: ತಾರೀಖು ಬಿಡಮ್ಮ, ವಿಷಯ ಅದೇ ತಾನೆ?

ವಿದ್ಯಾ: ವಿಷಯವೂ ಬೇರೆ. ಆ ಚೌಕದ ಪಕ್ಕದ ಗೆಜಿ ಪಾರ್ಕಿನ ಮರ ಕಡಿದು ಒಟ್ಟೊಮನ್ ಕಾಲದ ಸೇನಾ ಬ್ಯಾರಕ್ಕನ್ನು ಮತ್ತೆ ಕಟ್ಟಲು ಸರ್ಕಾರ ಹೊರಟಿತ್ತು. ಮರ ಕಾಯುತ್ತಿದ್ದವರ ಡೇರೆಗಳನ್ನು ಬೆಳಗಿನ ಜಾವ ಸುಟ್ಟ ಮೇಲೆ ಊರಿಗೆ ಊರೇ ಬೀದಿಗಿಳಿಯಿತು. ಆಗ ಸಿಎನ್‌ಎನ್ ಟರ್ಕ್ ವಾಹಿನಿ ತೋರಿಸುತ್ತಿದ್ದದ್ದು ಪೆಂಗ್ವಿನ್‌ಗಳ ಸಾಕ್ಷ್ಯಚಿತ್ರ!

ಸುಮಿತ್ರಾ ಅತ್ತೆ: ಪೆಂಗ್ವಿನ್ನೇ? ಪಾಪ, ಅವೇನು ಮಾಡಿದ್ದವು.

ರಘು ಚಿಕ್ಕಪ್ಪ: ಒಂದೇ ಕಡೆಯ ಕಥೆ ಹೇಳಬೇಡ ವಿದ್ಯಾ. 1999ರಲ್ಲಿ ತಲೆವಸ್ತ್ರ ತೊಟ್ಟು ಸಂಸತ್ತಿಗೆ ಬಂದ ಮೆರ್ವೆ ಕವಾಕ್ಚಿ ಅವರಿಗೆ ಪ್ರಮಾಣವಚನ ಮಾಡಲೂ ಬಿಡಲಿಲ್ಲ. ಅಂಥ ಹೆಣ್ಣುಮಕ್ಕಳಿಗೆ ಕಾಲೇಜಿನ, ಕಚೇರಿಯ ಬಾಗಿಲು ತೆರೆದದ್ದು ಈಗಿನ ಅಧ್ಯಕ್ಷ ಎರ್ಡೋಗನ್ ಕಾಲದಲ್ಲೇ. 2023ರಲ್ಲೂ ಶೇ. 52 ಮತ ಪಡೆದು ಗೆದ್ದಿದ್ದಾರೆ.

ವಿದ್ಯಾ: ತಲೆವಸ್ತ್ರದ ಮಾತು ನಿಜ ಚಿಕ್ಕಪ್ಪ, ಅದು ಅನ್ಯಾಯವೇ. ಆದರೆ ಉಳಿದ ಶೇ. 48 ಮಂದಿ ಎಲ್ಲಿಗೆ ಹೋಗಬೇಕು? 2025ರ ಮಾರ್ಚ್ 18ರಂದು ಎರ್ಡೋಗನ್ ಅವರ ಎದುರಾಳಿ, ಇಸ್ತಾಂಬುಲ್ ಮೇಯರ್ ಇಮಾಮೊಗ್ಲು ಅವರ ವಿಶ್ವವಿದ್ಯಾಲಯದ ಪದವಿ ರದ್ದಾಯಿತು, ಮರುದಿನ ಬೆಳಿಗ್ಗೆ ಬಂಧಿಸಲು ಪೊಲೀಸರು ಮನೆಗೆ ಬಂದರು. ಅಲ್ಲಿ ಪದವಿಯಿಲ್ಲದವರು ಅಧ್ಯಕ್ಷ ಚುನಾವಣೆಗೆ ನಿಲ್ಲುವಂತಿಲ್ಲ!

ರಘು ಚಿಕ್ಕಪ್ಪ: ಅದನ್ನು ಸಮರ್ಥಿಸಲು ನಾನೂ ಬರುವುದಿಲ್ಲ.

ಶ್ರೀಧರ ಮಾವ: ನಾನು ಹೇಳಿದ್ದೂ ಅದನ್ನೇ. ನಮಾಜು ಮಾಡುವವರು ಒಂದು ಕಡೆ, ಮಾಡದವರು ಇನ್ನೊಂದು ಕಡೆ.

ವಿದ್ಯಾ: ಅಯ್ಯೋ ಮಾವ! ಅದೇ 2013ರ ರಂಜಾನ್‌ನಲ್ಲಿ, ‘ಬಂಡವಾಳಶಾಹಿ ವಿರೋಧಿ ಮುಸ್ಲಿಮರು’ ಎಂಬ ಗುಂಪಿನ ಕರೆಗೆ ಓಗೊಟ್ಟು, ಇಸ್ತಿಕ್ಲಾಲ್ ಬೀದಿಯುದ್ದಕ್ಕೂ ನೆಲದ ಮೇಲೆ ಹಾಸು ಹಾಸಿ ಇಫ್ತಾರ್ ಮಾಡಿದರು. ಉಪವಾಸ ಹಿಡಿದವರೂ ಹಿಡಿಯದವರೂ ಒಂದೇ ಪಂಕ್ತಿ. ಗೆಜಿ ತೆರವಾದ ಮೇಲೆ ಬೇರೆ ಪಾರ್ಕುಗಳಲ್ಲಿ ರಾತ್ರಿ ಸಭೆ ನಡೆಸಿದರಲ್ಲ, ಅಲ್ಲಿ ಚಪ್ಪಾಳೆ ಇರಲಿಲ್ಲ. ಸುತ್ತಲಿನ ಮನೆಯವರ ನಿದ್ದೆ ಕೆಡದಿರಲೆಂದು, ಮಾತು ಒಪ್ಪಿಗೆಯಾದರೆ ಕೈ ಮೇಲೆತ್ತಿ ಆಡಿಸುತ್ತಿದ್ದರು.

ಸುಮಿತ್ರಾ ಅತ್ತೆ: ಆ ಪದ್ಧತಿ ಈ ಗುಂಪಿಗೂ ಬರಲಿ. ಹನ್ನೊಂದು ಗಂಟೆಯಾಯಿತು, ದಿಂಬಿನ ಕೆಳಗೆ ಮೊಬೈಲ್ ಗುಂಯ್‌ಗುಡುತ್ತಲೇ ಇದೆ.

ಶ್ರೀಧರ ಮಾವ: ಈ ಸಂದೇಶವನ್ನು ಅಳಿಸಲಾಗಿದೆ.

ವಿದ್ಯಾ: ಫೋಟೊ ಏಕೆ ಅಳಿಸಿದಿರಿ ಮಾವ, ತಾರೀಖು ತಿದ್ದಿದ್ದರೆ ಸಾಕಿತ್ತು.

ಸುಮಿತ್ರಾ ಅತ್ತೆ: ಇಲ್ಲಿ ಅಳಿಸಿದರೇನು, ಅವರ ನಿವೃತ್ತರ ಗುಂಪಿನಲ್ಲಿ ಆಗಲೇ ನಲವತ್ತು ಜನ ಕೈ ಮುಗಿದಿದ್ದಾರೆ.