ರಿವಾಲ್ವರ್‌ಗೆ ಯಾವ ರೆಡ್ ಡಾಟ್? ಗನ್‌ಸ್ಮಿತ್ ಜೊತೆ ಪ್ರಶ್ನೋತ್ತರ

ಅಡ್ಮಿನ್: ಎಲ್ಲರಿಗೂ ನಮಸ್ಕಾರ. ಅಮೆರಿಕದಲ್ಲಿ ಸ್ಟೀಲ್ ಚಾಲೆಂಜ್ (ಉಕ್ಕಿನ ಪ್ಲೇಟ್‌ಗಳಿಗೆ ವೇಗವಾಗಿ ಹೊಡೆಯುವುದು), ಐಕೋರ್ (ರಿವಾಲ್ವರ್‌ಗಳದ್ದೇ) ಶೂಟಿಂಗ್ ಸ್ಪರ್ಧೆಗಳಿಗೆ ಹೋಗುವ ನಮ್ಮವರು ಕೇಳುತ್ತಲೇ ಇರುವ ಪ್ರಶ್ನೆ ಇದು. ರೆಡ್ ಡಾಟ್ ಅಂದರೆ ಗಾಜಿನಲ್ಲಿ ಬೆಳಕಿನ ಚುಕ್ಕಿ ತೋರಿಸುವ, ಗುರಿ ಹಿಡಿಯುವ ಸಾಧನ (ಸೈಟ್). ಟೆಕ್ಸಾಸ್‌ನಲ್ಲಿ ರಿವಾಲ್ವರ್ ರಿಪೇರಿಯನ್ನೇ ಕಸುಬು ಮಾಡಿಕೊಂಡಿರುವ ನಮ್ಮ ಸದಸ್ಯರು ಇವತ್ತು ಉತ್ತರ ಕೊಡುತ್ತಾರೆ. ಒಬ್ಬರಿಗೆ ಒಂದು ಪ್ರಶ್ನೆ. ಕೇಳುವ ಮೊದಲು ಮೇಲಿನ ಉತ್ತರಗಳನ್ನು ಓದಿ.

ಹಾಸನದ ಹುಡುಗ: ಸರ್, ನನ್ನ ಹತ್ತಿರ ಸ್ಮಿತ್ ಅಂಡ್ ವೆಸನ್ 686 ಇದೆ. ಸ್ಟೀಲ್ ಚಾಲೆಂಜ್‌ನ ಆಪ್ಟಿಕಲ್ ಸೈಟ್ ರಿವಾಲ್ವರ್ ವಿಭಾಗಕ್ಕೆ ಮೊದಲ ಸಲ ಡಾಟ್ ಹಾಕಬೇಕು. ಯಾವುದು ತಗೊಳ್ಳಲಿ?

ಗನ್‌ಸ್ಮಿತ್: ಮೊದಲು ಮೌಂಟ್ (ಗನ್ ಮೇಲೆ ಡಾಟ್ ಕೂರಿಸುವ ಪಟ್ಟಿ), ಆಮೇಲೆ ಡಾಟ್. ಹಿಂದಿನ ಸೈಟ್ ಬಿಚ್ಚಿ ನೋಡಿ. ತೊಂಬತ್ತರ ದಶಕದ ಕೊನೆಯಿಂದ ಬಂದ ಗನ್ ಆದರೆ ಕೆಳಗೆ ಕಂಪನಿಯೇ ಕೊರೆದ ತೂತುಗಳಿರುತ್ತವೆ. ಆಲ್ಚಿನ್, ವೀಗ್ಯಾಂಡ್ ಮೌಂಟ್‌ಗಳು ಅಲ್ಲಿಗೇ ಕೂರುತ್ತವೆ. ಮೌಂಟ್ ಮತ್ತು ಡಾಟ್ ಒಂದಕ್ಕೊಂದು ಹೊಂದಬೇಕು. ಡಾಟ್‌ಗಳಲ್ಲಿ ಟ್ರಿಜಿಕಾನ್ ಆರ್‌ಎಂಆರ್ ಮತ್ತು ಎಸ್‌ಆರ್‌ಒ ಎರಡರದ್ದೂ ಒಂದೇ ತಳ. ವೋರ್ಟೆಕ್ಸ್ ವೆನಮ್ ಮತ್ತು ಬರಿಸ್ ಫಾಸ್ಟ್‌ಫೈರ್‌ದು ಬೇರೆ ತಳ. ಲ್ಯೂಪೋಲ್ಡ್ ಡೆಲ್ಟಾಪಾಯಿಂಟ್ ಪ್ರೊ ಎರಡಕ್ಕೂ ಸೇರುವುದಿಲ್ಲ.

ಸ್ಪರ್ಧೆಗೆ ದೊಡ್ಡ ಕಿಟಕಿಯ ಡಾಟ್ ಒಳ್ಳೆಯದು. ಡಬಲ್ ಆಕ್ಷನ್ (ಒಂದೇ ಎಳೆತಕ್ಕೆ ಹ್ಯಾಮರ್, ಅಂದರೆ ಗುಂಡು ಸಿಡಿಸುವ ಸುತ್ತಿಗೆ, ಎದ್ದು ಬೀಳುವುದು) ಟ್ರಿಗರ್ ಎಳೆತ ಉದ್ದ, ಭಾರ. ಎಳೆಯುವಾಗ ಚುಕ್ಕಿ ಓಲಾಡುತ್ತದೆ. ಕಿಟಕಿ ಚಿಕ್ಕದಾದರೆ ಅದು ಕಣ್ಣಿಂದಲೇ ಮರೆಯಾಗುತ್ತದೆ. ಎಸ್‌ಆರ್‌ಒ, ಸಿ-ಮೋರ್ ಆರ್‌ಟಿಎಸ್2, ಹೋಲೋಸನ್ 507 ಕಾಂಪ್, ಈ ಮೂರರಲ್ಲಿ ಯಾವುದಾದರೂ ನಡೆಯುತ್ತದೆ. ಆರ್‌ಎಂಆರ್ ಗಟ್ಟಿ, ಆದರೆ ಅದರ ಬ್ಯಾಟರಿ ತಳದಲ್ಲಿದೆ. ಬದಲಾಯಿಸಲು ಡಾಟ್ ಬಿಚ್ಚಬೇಕು, ಬಿಚ್ಚಿದ ಮೇಲೆ ಝೀರೋ (ಚುಕ್ಕಿ ಇಟ್ಟಲ್ಲೇ ಗುಂಡು ಬೀಳುವ ಹೊಂದಾಣಿಕೆ) ಮತ್ತೆ ನೋಡಬೇಕು. ಎಸ್‌ಆರ್‌ಒದಲ್ಲಿ ಬ್ಯಾಟರಿ ಮೇಲಿಂದ ಹಾಕಬಹುದು.

ಚುಕ್ಕಿಯ ಗಾತ್ರ 5 ಅಥವಾ 6 ಎಂಒಎ (ಕೋನದ ಅಳತೆ) ಇರಲಿ. 1 ಎಂಒಎ ಅಂದರೆ 25 ಗಜದಲ್ಲಿ ಸುಮಾರು ಕಾಲು ಇಂಚು. ಸ್ಟೀಲ್ ಚಾಲೆಂಜ್‌ನಲ್ಲಿ ಅತಿ ದೂರದ ಪ್ಲೇಟ್ 35 ಗಜ. ಅಲ್ಲಿ 6 ಎಂಒಎ ಚುಕ್ಕಿ ಮುಚ್ಚುವುದು ಎರಡು ಇಂಚಿಗಿಂತ ಸ್ವಲ್ಪ ಜಾಸ್ತಿ. ಪ್ಲೇಟ್ 18 ಇಂಚು ಅಗಲ, 24 ಇಂಚು ಎತ್ತರ. ಗುರಿ ಮುಚ್ಚಿಹೋಗುವ ಚಿಂತೆ ಬೇಡ.

ಇನ್ನೊಂದು ಮಾತು. ಸ್ಕ್ರೂ ಬಿಗಿಯುವ ಮೊದಲು ಖಾಲಿ ಗನ್ನಿನಲ್ಲಿ ಹ್ಯಾಮರ್ ಎಳೆದು ನೋಡಿ. ಡಾಟ್ ಹಿಂದಕ್ಕೆ ಬಂದಿದ್ದರೆ ಹ್ಯಾಮರ್‌ನ ಬಾಲ ಅದಕ್ಕೆ ಬಡಿಯುತ್ತದೆ.

ದಾವಣಗೆರೆ ಬೆಣ್ಣೆ: ಸರ್ 3 ಎಂಒಎ ತಗೊಳ್ಳಲಾ 6 ತಗೊಳ್ಳಲಾ?

ಗನ್‌ಸ್ಮಿತ್: ಮೇಲೆ ಬರೆದಿದ್ದೇನೆ.

ಫೀನಿಕ್ಸ್ ಗೌಡ: 6 ಎಂಒಎ ಹೊಸಬರಿಗೆ. ಸರಿಯಾಗಿ ಹೊಡೆಯುವವರು 2.5 ಇಡುತ್ತಾರೆ.

ಸಿಯಾಟಲ್ ಅಕ್ಕ: ಯಾರು ಹೇಳಿದ್ದು? ನಾನು ಐಕೋರ್ ಓಪನ್ ವಿಭಾಗದಲ್ಲಿ ಆಡುತ್ತೇನೆ, 8 ಎಂಒಎ ಇಟ್ಟಿದ್ದೇನೆ. ಬಿಸಿಲಲ್ಲಿ ಸಣ್ಣ ಚುಕ್ಕಿ ಹುಡುಕುವಷ್ಟರಲ್ಲಿ ಸಮಯ ಹೋಗುತ್ತದೆ.

ಫೀನಿಕ್ಸ್ ಗೌಡ: ಐಕೋರ್ ಟಾರ್ಗೆಟ್‌ನ ಎಕ್ಸ್ ವೃತ್ತ 4 ಇಂಚು. 50 ಗಜದಲ್ಲಿ 8 ಎಂಒಎ ಅದನ್ನು ಪೂರ್ತಿ ಮುಚ್ಚುತ್ತದೆ. ಲೆಕ್ಕ ಹಾಕಿ ನೋಡಿ.

ಸಿಯಾಟಲ್ ಅಕ್ಕ: ಮುಚ್ಚಿದರೇನು? ಚುಕ್ಕಿಯ ನಡುವಿನಿಂದ ಹೊಡೆಯುತ್ತೇವೆ, ಅಂಚಿನಿಂದಲ್ಲ. ನೀವು ಐಕೋರ್‌ಗೆ ಬಂದಿದ್ದನ್ನು ನಾನಂತೂ ನೋಡಿಲ್ಲ.

ಎಡಗೈ ಶೂಟರ್: ಸರ್, ಡಾಟ್ ಇರುವ ರಿವಾಲ್ವರ್‌ಗೆ ಎಡಗೈ ಹೋಲ್‌ಸ್ಟರ್ ಎಲ್ಲಿ ಸಿಗುತ್ತದೆ?

ಮೈಸೂರು ರೇಂಜ್: ನಮಸ್ಕಾರ ಸರ್. ನಾನು ಇಲ್ಲೇ ಊರಲ್ಲಿ 25 ಮೀಟರ್ ಸೆಂಟರ್ ಫೈರ್ ಅಭ್ಯಾಸ ಮಾಡುತ್ತೇನೆ. ಚಿಕ್ಕಪ್ಪ ಡಿಸೆಂಬರ್‌ನಲ್ಲಿ ಅಮೆರಿಕದಿಂದ ಬರುತ್ತಿದ್ದಾರೆ. ಒಂದು ಡಾಟ್ ತರಿಸಬಹುದಾ?

ಗನ್‌ಸ್ಮಿತ್: ಬೇಡ. ಅಂತರರಾಷ್ಟ್ರೀಯ ಶೂಟಿಂಗ್ ಸಂಸ್ಥೆ ಐಎಸ್‌ಎಸ್‌ಎಫ್ ನಿಯಮದಲ್ಲಿ ಆ ಸ್ಪರ್ಧೆಗೆ ತೆರೆದ ಸೈಟ್ (ಗಾಜು, ಬ್ಯಾಟರಿ ಇಲ್ಲದ್ದು) ಮಾತ್ರ. ಡಾಟ್ ಹಾಕಿದರೆ ಆಡಿಸುವುದಿಲ್ಲ. ಜೊತೆಗೆ ಗನ್ ಸೈಟ್‌ಗಳು ಅಮೆರಿಕದ ರಫ್ತು ನಿಯಂತ್ರಣದಲ್ಲಿ ಬರುತ್ತವೆ. ಸೂಟ್‌ಕೇಸ್‌ನಲ್ಲಿ ಹಾಕಿಕೊಂಡು ಬರುವ ವಸ್ತು ಅಲ್ಲ. ಚಿಕ್ಕಪ್ಪನನ್ನು ತೊಂದರೆಗೆ ಸಿಕ್ಕಿಸಬೇಡಿ.

ಶಿವಮೊಗ್ಗದವನು, ಒಹಾಯೋ: ಸರ್, ನನ್ನದು ಸೆಕೆಂಡ್ ಹ್ಯಾಂಡ್ ಸ್ಮಿತ್ ಅಂಡ್ ವೆಸನ್ 627, ಎಂಟು ಗುಂಡಿನದು. ಝೀರೋ ನಿಲ್ಲುತ್ತಿಲ್ಲ. ಒಂದು ಡಾಟ್ ಬದಲಾಯಿಸಿದೆ, ಹೊಸದೂ ಹಾಗೇ. ಎಂಟರಲ್ಲಿ ಆರು ಒಂದೇ ಕಡೆ ಬೀಳುತ್ತವೆ, ಎರಡು ಎಡಕ್ಕೆ ಕೆಳಗೆ ಹೋಗುತ್ತವೆ. ಮದ್ದು ತುಂಬಿ ಗುಂಡು ತಯಾರಿಸುವುದು ನಾನೇ, ಸೀಸದ್ದು. ಹೋದ ವಾರ ಪಕ್ಕದಲ್ಲಿ ನಿಂತಿದ್ದವರ ಕೆನ್ನೆಗೆ ಏನೋ ಚುರ್ ಅಂತ ಸಿಡಿಯಿತು. ಮೂರನೆಯದು ಯಾವ ಡಾಟ್ ತಗೊಳ್ಳಲಿ?

ಗನ್‌ಸ್ಮಿತ್: ಶಿವಮೊಗ್ಗದವರೇ, ಡಾಟ್ ವಿಷಯ ಬಿಡಿ. ಈ ಗನ್ನಿನಿಂದ ಇನ್ನೊಂದು ಗುಂಡೂ ಹಾರಿಸಬೇಡಿ.

ಡಾಟ್ ಅಥವಾ ಮೌಂಟ್ ಸಡಿಲವಾದರೆ ಗುಂಡುಗಳೆಲ್ಲ ಒಟ್ಟಿಗೆ ಜರುಗುತ್ತವೆ, ಇಲ್ಲವೇ ಎಲ್ಲ ಕಡೆ ಚದುರುತ್ತವೆ. ಪ್ರತಿ ಸುತ್ತಿನಲ್ಲೂ ಎರಡೇ ಬೇರೆ ಕಡೆ ಹೋಗುತ್ತಿದ್ದರೆ ನನ್ನ ಅನುಮಾನ ಸಿಲಿಂಡರ್ ಮೇಲೆ. ನಿಮ್ಮ ರಿವಾಲ್ವರ್‌ನ ಸಿಲಿಂಡರ್‌ನಲ್ಲಿ ಎಂಟು ಚೇಂಬರ್ (ಗುಂಡು ಕೂರುವ ತೂತು), ಒಂದೇ ಬ್ಯಾರೆಲ್. ಸುತ್ತಿ ಬಂದ ಪ್ರತಿ ಚೇಂಬರೂ ಬ್ಯಾರೆಲ್‌ಗೆ ನೇರವಾಗಿ ನಿಲ್ಲಬೇಕು. ಸಿಲಿಂಡರನ್ನು ತಿರುಗಿಸುವುದು ಹ್ಯಾಂಡ್ ಎನ್ನುವ ಭಾಗ, ಬೀಗ ಹಾಕಿ ನಿಲ್ಲಿಸುವುದು ಸಿಲಿಂಡರ್ ಸ್ಟಾಪ್. ಹ್ಯಾಂಡ್ ಅಥವಾ ಸಿಲಿಂಡರ್ ಹಿಂಭಾಗದ ನಕ್ಷತ್ರದಂಥ ಭಾಗದ ಹಲ್ಲು ಸವೆದರೆ ಕೆಲವು ಚೇಂಬರ್ ಪೂರ್ತಿ ತಿರುಗುವ ಮೊದಲೇ ಹ್ಯಾಮರ್ ಬೀಳುತ್ತದೆ. ಗುಂಡು ಬ್ಯಾರೆಲ್‌ನ ಅಂಚಿಗೆ ಉಜ್ಜಿಕೊಂಡು ಒಳಗೆ ಹೋಗುತ್ತದೆ. ಕೆರೆದ ಸೀಸ ಸಿಲಿಂಡರ್ ಮತ್ತು ಬ್ಯಾರೆಲ್ ನಡುವಿನ ಸಂದಿಯಿಂದ ಪಕ್ಕಕ್ಕೆ ಸಿಡಿಯುತ್ತದೆ. ಅವರ ಕೆನ್ನೆಗೆ ಬಿದ್ದದ್ದು ಅದೇ ಇರಬೇಕು. ಎರಡು ಇಂಚು ಮೇಲೆ ಬಿದ್ದಿದ್ದರೆ ಕಣ್ಣು ಹೋಗುತ್ತಿತ್ತು.

ಈಗ ಹೀಗೆ ಮಾಡಿ. ಗುಂಡುಗಳನ್ನು ಬೇರೆ ಕೋಣೆಯಲ್ಲಿಡಿ. ಎಂಟೂ ಚೇಂಬರ್ ಖಾಲಿ ಇದೆಯೇ ಎಂದು ಕಣ್ಣಿಂದಲೂ ಬೆರಳಿಂದಲೂ ನೋಡಿ. ನಕ್ಷತ್ರದ ಕೆಳಗೆ ಉರಿಯದ ಮದ್ದಿನ ಪುಡಿ ಕೂತಿದ್ದರೆ ಬ್ರಷ್‌ನಿಂದ ತೆಗೆಯಿರಿ. ಅದೂ ಸಿಲಿಂಡರನ್ನು ಹಿಡಿಯುತ್ತದೆ. ಚೇಂಬರ್‌ಗಳಿಗೆ ಮಾರ್ಕರ್‌ನಲ್ಲಿ 1ರಿಂದ 8 ಬರೆಯಿರಿ. ಸಿಲಿಂಡರ್ ಮೇಲೆ ಒಂದು ಬೆರಳನ್ನು ಹಗುರಾಗಿ ಇಟ್ಟು ಹ್ಯಾಮರನ್ನು ತುಂಬಾ ನಿಧಾನವಾಗಿ ಎಳೆಯಿರಿ. ಹ್ಯಾಮರ್ ಪೂರ್ತಿ ಹಿಂದೆ ನಿಲ್ಲುವ ಮೊದಲೇ ಸಿಲಿಂಡರ್ ಟಕ್ ಎಂದು ಬೀಗ ಬೀಳಬೇಕು. ಯಾವ ನಂಬರ್ ಬೀಳುವುದಿಲ್ಲ ಎಂದು ಬರೆದುಕೊಂಡು ಇಲ್ಲಿ ಹೇಳಿ. ಎಂದಾದರೂ ಒಂದು ಗುಂಡಿನ ಸದ್ದು ಕಮ್ಮಿ ಬಂದಿತ್ತಾ ಎಂಬುದನ್ನೂ ಹೇಳಿ.

ಬೆಳಗಾವಿ ಬುಲೆಟ್: ಸರ್ ಒಂದು ಫಾರ್ವರ್ಡ್ ಬಂದಿದೆ. ಸ್ಕ್ರೂಗಳಿಗೆ ಕೆಂಪು ಲಾಕ್‌ಟೈಟ್ ಅಂಟು ಹಾಕಿದರೆ ಝೀರೋ ಜನ್ಮದಲ್ಲಿ ಹೋಗಲ್ಲವಂತೆ. ಗಾಜಿನ ಮಸಿಗೆ ಟೂತ್‌ಪೇಸ್ಟ್ ಹಚ್ಚಬೇಕಂತೆ. ಸಿಲಿಂಡರ್ ಬಿಗಿಯಾದರೆ ಎಣ್ಣೆ ಸುರಿಯಬೇಕಂತೆ.

ಗನ್‌ಸ್ಮಿತ್: ಮೂರೂ ತಪ್ಪು. ಕೆಂಪು ಲಾಕ್‌ಟೈಟ್ ಬಿಡಿಸಲು ಸುಮಾರು 260 ಡಿಗ್ರಿ ಸೆಲ್ಸಿಯಸ್ ಕಾವು ಬೇಕು. ಅಷ್ಟು ಕಾವಿಗೆ ಡಾಟ್ ಒಳಗಿನ ಸರ್ಕ್ಯೂಟ್ ಸುಟ್ಟುಹೋಗುತ್ತದೆ. ನೀಲಿಯದನ್ನು ಒಂದು ಹನಿ ಹಾಕಿ, ಇಂಚ್-ಪೌಂಡ್ ತೋರಿಸುವ ಟಾರ್ಕ್ ಡ್ರೈವರ್‌ನಲ್ಲಿ ಡಾಟ್‌ನ ಪುಸ್ತಕದಲ್ಲಿ ಬರೆದಷ್ಟೇ ಬಿಗಿಯಿರಿ. ಆರ್‌ಎಂಆರ್‌ಗೆ 12. ಟೂತ್‌ಪೇಸ್ಟ್ ಗಾಜಿನ ಲೇಪವನ್ನು ಕೆರೆದು ಹಾಕುತ್ತದೆ. ಲೆನ್ಸ್ ಕ್ಲೀನರ್, ಮೆತ್ತನೆ ಬಟ್ಟೆ ಸಾಕು. ಎಣ್ಣೆ ಸುರಿದರೆ ಮದ್ದಿನ ಪುಡಿ ಅಲ್ಲೇ ಅಂಟಿ ಕೂರುತ್ತದೆ. ಮೇಲೆ ಒಬ್ಬರ ಗನ್ ಪಕ್ಕದವರ ಮುಖಕ್ಕೆ ಸೀಸ ಉಗುಳುತ್ತಿದೆ. ಅದರ ನಡುವೆ ಫಾರ್ವರ್ಡ್ ತಂದು ಹಾಕಬೇಡಿ.

ಬೆಳಗಾವಿ ಬುಲೆಟ್: ನಾನು ಕೇಳಿದ್ದು ಅಷ್ಟೇ ಸರ್. ಬೈಯುವ ಅಗತ್ಯ ಇರಲಿಲ್ಲ.

ತುಮಕೂರು ತೇಜ: ಸರ್, ನನಗೆ ಚುಕ್ಕಿ ದುಂಡಗೆ ಕಾಣಲ್ಲ, ಅಲ್ಪವಿರಾಮದ ಥರ ಬಾಲ ಬರುತ್ತದೆ. ಡಾಟ್ ವಾಪಸ್ ಮಾಡಲಾ?

ಗನ್‌ಸ್ಮಿತ್: ಗನ್ ಖಾಲಿ ಮಾಡಿ ಅಡ್ಡಕ್ಕೆ ತಿರುಗಿಸಿ ನೋಡಿ. ಬಾಲ ಜೊತೆಗೆ ತಿರುಗಿದರೆ ಡಾಟ್ ತೊಂದರೆ. ತಿರುಗದಿದ್ದರೆ ನಿಮ್ಮ ಕಣ್ಣಿನ ಆಸ್ಟಿಗ್ಮ್ಯಾಟಿಸಂ ದೋಷ. ಚುಕ್ಕಿಯ ಬೆಳಕು ಕಮ್ಮಿ ಮಾಡಿ, ಕನ್ನಡಕದ ನಂಬರ್ ಪರೀಕ್ಷಿಸಿಕೊಳ್ಳಿ.

ಕೊಡಗಿನ ಕಾಫಿ: ಇದೆಲ್ಲ ಯಾಕೆ ಬೇಕು? ಅಮೆರಿಕದ ರಿವಾಲ್ವರ್ ಶೂಟರ್ ಜೆರ್ರಿ ಮಿಕ್ಯುಲೆಕ್ 1999ರಲ್ಲಿ 2.99 ಸೆಕೆಂಡಿನಲ್ಲಿ ಆರು ಹೊಡೆದು, ಮತ್ತೆ ತುಂಬಿಸಿ, ಇನ್ನಾರು ಹೊಡೆದರು. ಕೈ ಬೇಕು, ಬ್ಯಾಟರಿ ಅಲ್ಲ.

ಸಿಯಾಟಲ್ ಅಕ್ಕ: ಆ ದಾಖಲೆ ರೀಲೋಡ್ ವೇಗದ್ದು. ಸೈಟ್ ಚರ್ಚೆಗೂ ಅದಕ್ಕೂ ಏನು ಸಂಬಂಧ? ವಯಸ್ಸು ನಲವತ್ತೈದು ದಾಟಿದ ಮೇಲೆ ಮುಂದಿನ ಸೈಟ್ ಮಸುಕಾಗುತ್ತದೆ. ಡಾಟ್ ಇದ್ದರೆ ಗುರಿ ನೋಡಿಕೊಂಡೇ ಹೊಡೆಯಬಹುದು.

ಫೀನಿಕ್ಸ್ ಗೌಡ: ಅಕ್ಕನಿಗೆ ಎಲ್ಲರ ಜೊತೆ ಜಗಳ.

ಸಿಯಾಟಲ್ ಅಕ್ಕ: ಲೆಕ್ಕ ಕಲಿಸಲು ಬಂದವರು ನೀವು. ಜಗಳ ನನ್ನದಾ?

ಅಡ್ಮಿನ್: ಇಬ್ಬರೂ ಸಾಕು ಮಾಡಿ.

ಎಡಗೈ ಶೂಟರ್: ಹೋಲ್‌ಸ್ಟರ್ ಬಗ್ಗೆ ಯಾರಾದರೂ?

ಹುಬ್ಬಳ್ಳಿ ಗಿರ್ಮಿಟ್: ಸ್ಮಿತ್ ಅಂಡ್ ವೆಸನ್ 617ಕ್ಕೆ ಯಾವ ಡಾಟ್? ಪಾಯಿಂಟ್ ಟೂ ಟೂ, ಸಣ್ಣ ಗುಂಡಿನದು.

ಗನ್‌ಸ್ಮಿತ್: ವೆನಮ್ ಸಾಕು. ಆ ಗನ್ನಿನಲ್ಲಿ ಹಿಂದಕ್ಕೆ ಒದೆತವೇ ಇಲ್ಲ.

ಶಿವಮೊಗ್ಗದವನು, ಒಹಾಯೋ: ಸರ್, ಪುಡಿ ತೆಗೆದು ಪರೀಕ್ಷೆ ಮಾಡಿದೆ. 3 ಮತ್ತು 7 ಬೀಗ ಬೀಳುತ್ತಿಲ್ಲ. ಹೋದ ತಿಂಗಳು ಒಂದು ಸಲ ಸದ್ದು ಪುಸ್ ಅಂದ ಹಾಗಿತ್ತು. ಅದರ ಹಿಂದೆಯೇ ಮುಂದಿನದು ಹೊಡೆದುಬಿಟ್ಟೆ, ವೇಗದಲ್ಲಿದ್ದೆ.

ಗನ್‌ಸ್ಮಿತ್: ಆ ಪುಸ್ ಅಂದಿದ್ದು ಮದ್ದು ಕಮ್ಮಿ ಬಿದ್ದ ಗುಂಡು. ಅದು ಬ್ಯಾರೆಲ್‌ನಲ್ಲೇ ನಿಂತಿದ್ದರೆ, ಹಿಂದೆ ಬಂದ ಗುಂಡು ಬ್ಯಾರೆಲನ್ನು ಉಬ್ಬಿಸಿರುತ್ತದೆ. ಸಿಲಿಂಡರ್ ತೆರೆದು, ಹಿಂದಿನಿಂದ ಬೆಳಕು ಬಿಟ್ಟು, ಬ್ಯಾರೆಲ್ ಒಳಗೆ ನೋಡಿ. ಉಂಗುರದಂಥ ಕಪ್ಪು ನೆರಳು ಕಂಡರೆ ಬ್ಯಾರೆಲ್ ಹೋಯಿತು. ಕಾಣದಿದ್ದರೂ ನಂಬಬೇಡಿ. ಒಹಾಯೋದಲ್ಲೇ ರಿವಾಲ್ವರ್ ಬಲ್ಲ ಗನ್‌ಸ್ಮಿತ್ ಹತ್ತಿರ ಒಯ್ದು, ಎಂಟೂ ಚೇಂಬರ್‌ಗೆ ರೇಂಜ್ ರಾಡ್ (ಚೇಂಬರ್ ಬ್ಯಾರೆಲ್‌ಗೆ ನೇರ ಇದೆಯೇ ನೋಡುವ ಸಲಾಕೆ) ಹಾಕಿಸಿ, ಸಿಲಿಂಡರ್ ಮತ್ತು ಬ್ಯಾರೆಲ್ ನಡುವಿನ ಸಂದಿಯನ್ನು ಫೀಲರ್ ಗೇಜ್‌ನಲ್ಲಿ ಅಳೆಸಿ. 4ರಿಂದ 8 ಸಾವಿರಾಂಶ ಇಂಚು ಇದ್ದರೆ ಸರಿ. ಹ್ಯಾಂಡ್ ಬದಲಾಯಿಸುವುದು ದೊಡ್ಡ ಖರ್ಚಿನ ಕೆಲಸ ಅಲ್ಲ. ಆ ದಿನ ತುಂಬಿಸಿದ ಉಳಿದ ಗುಂಡುಗಳನ್ನೂ ಹಾರಿಸಬೇಡಿ, ಬಿಚ್ಚಿಬಿಡಿ. ಪಕ್ಕದಲ್ಲಿ ನಿಂತಿದ್ದವರಿಗೆ ವಿಷಯ ತಿಳಿಸಿ.

ಶಿವಮೊಗ್ಗದವನು, ಒಹಾಯೋ: ಆಯ್ತು ಸರ್, ನಾಳೆಯೇ ಒಯ್ಯುತ್ತೇನೆ. ಈ ಎರಡು ಡಾಟ್?

ಗನ್‌ಸ್ಮಿತ್: ಎರಡೂ ಚೆನ್ನಾಗಿಯೇ ಇರಬೇಕು. ಗನ್ ಸರಿಯಾದ ಮೇಲೆ ಒಂದನ್ನು ಹಾಕಿಕೊಳ್ಳಿ.

ದಾವಣಗೆರೆ ಬೆಣ್ಣೆ: ಸರ್ ಹಾಗಾದರೆ 6 ಎಂಒಎ ಫೈನಲ್ ಅಲ್ವಾ?

ಗನ್‌ಸ್ಮಿತ್: ಮೇಲೆ ಓದಿ. ನಾನು ಅಂಗಡಿ ತೆರೆಯಬೇಕು.

ಎಡಗೈ ಶೂಟರ್: ನನ್ನ ಪ್ರಶ್ನೆಗೆ ಉತ್ತರ ಬರಲಿಲ್ಲ.