ನಿಧಾನವಾಗಿ ತೂಕ ಇಳಿಸಿದವರು ಯಾರಾದರೂ ಇದ್ದೀರಾ? ನಿಮ್ಮ ಅನುಭವ ಹೇಳಿ

ಮೈಸೂರ್_ಮಲ್ಲಿಗೆ ಕೇಳಿದ್ದು:
ಎಲ್ಲರಿಗೂ ನಮಸ್ಕಾರ. ನನಗೆ 36 ವರ್ಷ, ಎತ್ತರ 158 ಸೆಂ.ಮೀ, ತೂಕ 78 ಕೆಜಿ. ಬ್ಯಾಂಕ್ ಕೆಲಸ, ದಿನವಿಡೀ ಕುರ್ಚಿ. ಅಡುಗೆ ಅತ್ತೆಯವರದು. ತುಂಬಾ ಚೆನ್ನಾಗಿ ಮಾಡುತ್ತಾರೆ, ತೊಂದರೆಯೇ ಅದು. ಎರಡು ತಿಂಗಳಲ್ಲಿ 15 ಕೆಜಿ ಅನ್ನೋ ಕಥೆ ಬೇಡ. ತಿಂಗಳಿಗೆ ಒಂದು ಕೆಜಿ ಇಳಿದರೂ ಸಾಕು. ಮೆಟ್ಟಿಲು ಇಳಿಯುವಾಗ ಎಡಗಾಲಿನ ಮಂಡಿ ನೋಯುತ್ತದೆ. ಯಾವ ವ್ಯಾಯಾಮದಿಂದ ಶುರು ಮಾಡಲಿ? ನನಗೊಂದು ಅಡುಗೆ, ಮನೆಯವರಿಗೊಂದು ಅಡುಗೆ ಅಂತ ಆಗದ ಹಾಗೆ ಊಟ ಬದಲಾಯಿಸಿದ್ದು ಹೇಗೆ? ಮಾಡಿ ನೋಡಿದವರು ಮಾತ್ರ ಹೇಳಿ, ಪ್ಲೀಸ್.

ಕೆರೆಏರಿ_ಮೇಷ್ಟ್ರು:
ನೋಡಮ್ಮ, ನಾನೂ ಮೈಸೂರಿನವನೇ. ವಯಸ್ಸು 58. ಹೋದ ವರ್ಷ ಸಂಕ್ರಾಂತಿಗೆ 91 ಕೆಜಿ ಇದ್ದೆ, ಈಗ 79. ಹದಿನಾಲ್ಕು ತಿಂಗಳು ಹಿಡಿಯಿತು. ಮಾಡಿದ್ದು ಎರಡೇ. ರಾತ್ರಿ ಎರಡು ಮುದ್ದೆ ಇದ್ದದ್ದು ಒಂದಾಯಿತು. ಬೆಳಗ್ಗೆ ಕುಕ್ಕರಹಳ್ಳಿ ಕೆರೆಗೆ ಒಂದು ಸುತ್ತು.

ಆದರೆ ಶೂ ವಿಷಯ ಹೇಳಲೇಬೇಕು. ಸಂತೆಯಲ್ಲಿ 450 ರೂಪಾಯಿಗೆ ಸಿಕ್ಕಿದ ಕ್ಯಾನ್ವಾಸ್ ಶೂ ಹಾಕಿಕೊಂಡು ಏಳು ವಾರ ನಡೆದೆ. ಎಂಟನೇ ವಾರ ಬೆಳಗ್ಗೆ ಹಾಸಿಗೆಯಿಂದ ಇಳಿದು ಕಾಲಿಟ್ಟರೆ ಹಿಮ್ಮಡಿಗೆ ಮೊಳೆ ಹೊಡೆದ ಹಾಗೆ. ಗೋಡೆ ಹಿಡಿದು ಬಚ್ಚಲಿಗೆ ಹೋಗಬೇಕಾಯಿತು. ಎಕ್ಸ್‌ರೇ 600, ಡಾಕ್ಟರು 500, ಫಿಸಿಯೋ ಹನ್ನೆರಡು ಸಲ, ಸಲಕ್ಕೆ 400. ಕೊನೆಗೆ ಶೂ 4,200. ಅಂದರೆ 450ರ ಶೂ ಹಾಕಿ ದುಡ್ಡು ಉಳಿಸಲು ಹೋಗಿ ಹತ್ತು ಸಾವಿರಕ್ಕೂ ಮೇಲೆ ಹೋಯಿತು. ಫಿಸಿಯೋ ಹುಡುಗಿ ಹೇಳಿಕೊಟ್ಟದ್ದು ನಿಜವಾಗಿ ಕೆಲಸ ಮಾಡಿತು. ನೀರಿನ ಬಾಟಲಿ ಫ್ರೀಜರಿನಲ್ಲಿ ಗಟ್ಟಿ ಮಾಡಿ, ಟೀವಿ ನೋಡುತ್ತಾ ಅಂಗಾಲಿನ ಕೆಳಗೆ ಉರುಳಿಸುವುದು. ಹೆಂಡತಿ ಇವತ್ತಿಗೂ ಅದನ್ನು ಫ್ರಿಜ್ಜಿನಲ್ಲಿ ಇಡಲು ಬಿಡುವುದಿಲ್ಲ, ಕಾಲಿನ ಬಾಟಲಿ ಅಂತ.

ಇನ್ನೊಂದು. 84ಕ್ಕೆ ಬಂದ ಮೇಲೆ ಒಂಬತ್ತು ವಾರ ಮುಳ್ಳು ಅಲ್ಲಾಡಲಿಲ್ಲ. ಆಮೇಲೆ ಮೇ ತಿಂಗಳಲ್ಲಿ ಮೂರು ಮದುವೆ, ಒಂದು ಬೀಗರ ಊಟ. 2.3 ಕೆಜಿ ವಾಪಸ್. ಅದನ್ನು ಇಳಿಸಲು ಜುಲೈ ಮುಗಿಯಿತು.

ಸುಟ್ಟ_ಕೈ:
ಮೇಷ್ಟ್ರೇ, ನಿಮ್ಮದು ಹತ್ತು ಸಾವಿರ. ನನ್ನದು ಕೇಳಿ.

ಒಂದು ಪೌಡರ್ ಪ್ಯಾಕೇಜು. ಹೆಸರು ಹೇಳುವುದಿಲ್ಲ. ಪಕ್ಕದ ಮನೆಯವರೇ ಏಜೆಂಟ್. ಮೂರು ತಿಂಗಳಿಗೆ 18,500. ಬೆಳಗ್ಗೆ ಒಂದು ಲೋಟ, ರಾತ್ರಿ ಒಂದು ಲೋಟ, ಮಧ್ಯಾಹ್ನ ಮಾತ್ರ ಊಟ. ಎರಡು ತಿಂಗಳಲ್ಲಿ 9 ಕೆಜಿ ಇಳಿದೆ. ಎಲ್ಲರೂ ಹೊಗಳಿದ್ದೇ ಹೊಗಳಿದ್ದು. ನನ್ನ ಫೋಟೋ ಅವರ ವಾಟ್ಸಾಪ್ ಸ್ಟೇಟಸ್‌ನಲ್ಲಿ ಬಂತು.

ನಾಲ್ಕನೇ ತಿಂಗಳು ತಲೆ ಬಾಚಿದರೆ ಬಾಚಣಿಗೆ ತುಂಬಾ ಕೂದಲು. ಬಚ್ಚಲಿನ ಜಾಲಿ ವಾರಕ್ಕೆರಡು ಸಲ ಕಟ್ಟಿಕೊಳ್ಳುತ್ತಿತ್ತು. ಐದನೇ ತಿಂಗಳು ಒಂದು ರಾತ್ರಿ ಬಲಗಡೆ ಪಕ್ಕೆಲುಬಿನ ಕೆಳಗೆ ನೋವು. ಗ್ಯಾಸ್ ಅಂದುಕೊಂಡು ಸೋಡಾ ಕುಡಿದೆ. ಬೆಳಗಿನ ಜಾವ ನಾಲ್ಕಕ್ಕೆ ಆಟೋದಲ್ಲಿ ಆಸ್ಪತ್ರೆ. ಸ್ಕ್ಯಾನ್ ಮಾಡಿದರೆ ಪಿತ್ತಕೋಶದಲ್ಲಿ ಕಲ್ಲು. ಗಬಗಬ ಅಂತ ತೂಕ ಇಳಿಸಿದವರಿಗೆ ಹೀಗಾಗುತ್ತದೆ ಅಂತ ಸರ್ಜನ್ ಚೀಟಿಯ ಹಿಂದೆ ಚಿತ್ರ ಬರೆದು ತೋರಿಸಿದರು. ಆಪರೇಷನ್ 92,000. ಇನ್ಶೂರೆನ್ಸ್ ಕೊಟ್ಟದ್ದು 61,000. ಮಿಕ್ಕಿದ್ದಕ್ಕೆ ಬಳೆ ಅಡ ಇಟ್ಟೆವು. ಆ ವರ್ಷ ಮುಗಿಯುವುದರೊಳಗೆ 9 ಕೆಜಿ ಹೋಗಿ 11 ಕೆಜಿ ವಾಪಸ್ ಬಂತು. ಪಕ್ಕದ ಮನೆಯವರು ಈಗ ಮಾತಾಡಿಸುವುದಿಲ್ಲ, ನನ್ನಿಂದ ಅವರ ವ್ಯಾಪಾರ ಹಾಳಾಯಿತಂತೆ!

ಈಗ ಪೌಡರೂ ಇಲ್ಲ, ಗೀಡರೂ ಇಲ್ಲ. ಅನ್ನದ ತಟ್ಟೆಯಲ್ಲಿ ಅರ್ಧ ಭಾಗ ಪಲ್ಯ. ಬೀನ್ಸೋ, ಹಾಗಲಕಾಯಿಯೋ, ಸೊಪ್ಪೋ. ಹನ್ನೊಂದು ತಿಂಗಳಲ್ಲಿ 6 ಕೆಜಿ. ಈ ಸಲ ಯಾರೂ ಹೊಗಳಿಲ್ಲ.

ಹುಬ್ಬಳ್ಳಿ_ಡಂಬೆಲ್:
ಎಲ್ಲಾರೂ ವಾಕಿಂಗ್, ಪಲ್ಯ ಅಂತ ಕೂತೀರಿ. ನಾ ಹೇಳೂದು ಕೇಳ್ರಿ. ಬರೀ ನಡೆದು, ಬರೀ ಊಟ ಕಡಿಮೆ ಮಾಡಿದರೆ ಕೊಬ್ಬಿನ ಜೊತೆ ಮಾಂಸಖಂಡವೂ ಹೋಗುತ್ತದೆ. ನಾನು 96ರಿಂದ 83ಕ್ಕೆ ಬಂದೆ, ಒಂದೂವರೆ ವರ್ಷ. ವಾರಕ್ಕೆ ನಾಲ್ಕು ದಿನ ಜಿಮ್, ವರ್ಷಕ್ಕೆ 14,000. ಮೊದಲ ಜಿಮ್ಮಿನವರು ಪೂರ್ತಿ ವರ್ಷದ ದುಡ್ಡು ತೆಗೆದುಕೊಂಡು ಐದನೇ ತಿಂಗಳಿಗೆ ಬೀಗ ಹಾಕಿಕೊಂಡು ಹೋದರು. ಅದು 11,000 ಗಂಗೆ ಪಾಲು. ಆಮೇಲೆ ತಿಂಗಳ ಲೆಕ್ಕದಲ್ಲೇ ಕೊಡುವವನು ನಾನು.

ಊಟ ಮೆಸ್ಸಿನದು. ಎರಡು ಜೋಳದ ರೊಟ್ಟಿ, ಕಾಳು ಪಲ್ಯ, ಮೊಸರು. ಮೇಲೆ ದಿನಕ್ಕೆ ನಾಲ್ಕು ಮೊಟ್ಟೆ. ರೂಮಿನಲ್ಲಿ ಮೊಟ್ಟೆ ಬೇಯಿಸಿದ್ದಕ್ಕೆ ಮನೆ ಮಾಲೀಕರು ರೂಮು ಬಿಡಿಸಿದರು, ಅದು ಬೇರೆ ಕಥೆ. ಶಿಫ್ಟಿಂಗಿಗೆ 3,500.

ಮೇಷ್ಟ್ರು ಬೇಜಾರು ಮಾಡಿಕೊಳ್ಳಬಾರದು. ಕೆರೆ ಸುತ್ತ ರಾಜಕೀಯ ಮಾತಾಡಿಕೊಂಡು ನಡೆಯುವುದು ವ್ಯಾಯಾಮ ಅಲ್ಲ, ಟೈಂಪಾಸ್.

ಕೆರೆಏರಿ_ಮೇಷ್ಟ್ರು:
ಮಗಾ, ಆ ಟೈಂಪಾಸಿನಲ್ಲೇ 12 ಕೆಜಿ ಇಳಿದಿದ್ದೇನೆ. ನಿನ್ನ ಜಿಮ್ಮಿಗೆ ಬೀಗ ಬಿತ್ತು. ನನ್ನ ಕೆರೆಗೆ ಯಾರೂ ಬೀಗ ಹಾಕಿಲ್ಲ.

ಎಣ್ಣೆ_ಲೆಕ್ಕ:
ಇಬ್ಬರೂ ಆಮೇಲೆ ಜಗಳ ಆಡಿ. ಅಡುಗೆ ಮನೆಯ ವಿಷಯ ಯಾರೂ ಎತ್ತುತ್ತಿಲ್ಲ.

ನಮ್ಮ ಮನೆಯಲ್ಲಿ ಮೂರು ಜನ. ತಿಂಗಳಿಗೆ 4 ಲೀಟರ್ ಎಣ್ಣೆ. ಒಂದು ಲೀಟರ್ ಅಂದರೆ ಸುಮಾರು 910 ಗ್ರಾಂ. ತಲೆಗೆ ದಿನಕ್ಕೆ 40 ಗ್ರಾಂ ಬಂತು. ಗ್ರಾಂಗೆ 9 ಕ್ಯಾಲೊರಿ, ಅಂದರೆ 360. ಒಬ್ಬೊಬ್ಬರೂ ದಿನಾ ಮೂರು ಮುಕ್ಕಾಲು ಚಪಾತಿಯಷ್ಟು ಎಣ್ಣೆಯನ್ನೇ ತಿನ್ನುತ್ತಿದ್ದೆವು. ನಾನು ಅಮ್ಮನ ಹತ್ತಿರ ಎಣ್ಣೆ ಕಡಿಮೆ ಮಾಡು ಅಂತ ಎರಡು ವರ್ಷ ಹೇಳಿ ಸೋತವನು. ಆಮೇಲೆ ಹೇಳುವುದನ್ನೇ ಬಿಟ್ಟೆ. ಒಲೆ ಪಕ್ಕ ಜಿಡ್ಡು ಹಿಡಿದ ಒಂದು ಸ್ಟೀಲ್ ಗಿಂಡಿ ಇತ್ತು, ಅಮ್ಮ ಅದರಿಂದ ಬಗ್ಗಿಸಿ ಸುರಿಯುತ್ತಿದ್ದಳು. ಅದನ್ನು ಅಟ್ಟಕ್ಕೆ ಹಾಕಿ, ಜಾಡಿಯಲ್ಲಿ ಎಣ್ಣೆ ತುಂಬಿಸಿ ಒಂದು ಟೀ ಚಮಚ ಇಟ್ಟೆ. ಒಗ್ಗರಣೆಗೆ ಚಮಚದಲ್ಲೇ ಹಾಕಬೇಕು. ಮೊದಲ ದಿನ ಸೌಟು ಎಸೆದಳು. ಎರಡನೇ ತಿಂಗಳಿಗೆ 2 ಲೀಟರಿಗೆ ಬಂತು. ಸಾರಿನ ರುಚಿ ಅದೇ. ಅಪ್ಪನಿಗೆ ಗೊತ್ತೇ ಆಗಲಿಲ್ಲ.

ಲೆಕ್ಕದ ಪ್ರಕಾರ ತಲೆಗೆ ದಿನಕ್ಕೆ 180 ಕ್ಯಾಲೊರಿ ಉಳಿತಾಯ. ಒಂದು ಕೆಜಿ ಕೊಬ್ಬಿಗೆ ಸುಮಾರು 7,700. ತಿಂಗಳಿಗೆ 700 ಗ್ರಾಂ ಇಳಿಯಬೇಕಿತ್ತು. ನಾನು ಇಳಿದದ್ದು 400. ಮಿಕ್ಕ 300 ಗ್ರಾಂ ಎಲ್ಲಿ ಹೋಯಿತು ಅಂತ ಹುಡುಕಿದರೆ ಆಫೀಸಿನ ಕಾಫಿ. ದಿನಕ್ಕೆ ಐದು, ಒಂದೊಂದಕ್ಕೆ ಎರಡು ಚಮಚ ಸಕ್ಕರೆ.

ಮುದ್ದೆ_ಮಂಡ್ಯ:
ಇಷ್ಟೊಂದು ಗಣಿತ ಯಾಕೆ ಸ್ವಾಮಿ? ಅನ್ನ ಬಿಡಿ, ರಾಗಿ ತಿನ್ನಿ. ನಮ್ಮ ತಾತ 90 ವರ್ಷ ಬದುಕಿದ, ಹೊಟ್ಟೆ ಅಂದರೇನು ಅಂತಲೇ ಗೊತ್ತಿರಲಿಲ್ಲ. ನಾನೂ ಅನ್ನ ಬಿಟ್ಟೆ, ಎಂಟು ತಿಂಗಳಲ್ಲಿ 7 ಕೆಜಿ.

ಕುಡ್ಲದ_ಗಂಜಿ:
ನಿಮ್ಮ ತಾತ ಮುದ್ದೆ ತಿಂದು ಗದ್ದೆಯಲ್ಲಿ ಉಳುತ್ತಿದ್ದರು. ನೀವು ಮುದ್ದೆ ತಿಂದು ಬೈಕ್ ಹತ್ತುತ್ತೀರಿ. ರಾಗಿಯಲ್ಲೂ 100 ಗ್ರಾಂಗೆ 320ರ ಆಸುಪಾಸು ಕ್ಯಾಲೊರಿ ಇದೆ, ಅಕ್ಕಿಯಲ್ಲಿ 350ರ ಆಸುಪಾಸು. ಅದೇನು ಭೂಮಿ ಆಕಾಶದ ವ್ಯತ್ಯಾಸವಾ? ರಾಗಿಯಲ್ಲಿ ಕ್ಯಾಲ್ಸಿಯಂ, ನಾರು ಜಾಸ್ತಿ, ಒಪ್ಪುತ್ತೇನೆ. ತೂಕಕ್ಕೆ ಬೇಕಾದದ್ದು ಅಳತೆ. ನಾನು ಕುಚ್ಚಲಕ್ಕಿ ಗಂಜಿ, ಹುರುಳಿ ಚಟ್ನಿ, ಬಂಗುಡೆ ಸಾರು ತಿಂದುಕೊಂಡೇ ಒಂದು ವರ್ಷದಲ್ಲಿ 8 ಕೆಜಿ ಇಳಿಸಿದ್ದು. ಬಿಟ್ಟದ್ದು ಸಂಜೆಯ ಗೋಳಿಬಜೆ ಮತ್ತು ಬನ್ಸ್. ಬನ್ಸ್ ಬಿಡುವಾಗ ಕಣ್ಣಲ್ಲಿ ನೀರು ಬಂದದ್ದು ಸುಳ್ಳಲ್ಲ.

ಮುದ್ದೆ_ಮಂಡ್ಯ:
ಬಂಗುಡೆ ತಿನ್ನುವವರು ನಮಗೆ ರಾಗಿ ಪಾಠ ಹೇಳುವ ಕಾಲ ಬಂತು ನೋಡಿ. ಬಸ್ಸಾರು ಜೊತೆ ಮುದ್ದೆ ನುಂಗಿ ನೋಡಿ, ರಾತ್ರಿವರೆಗೂ ಹಸಿವಾಗುವುದಿಲ್ಲ. ಗಂಜಿ ಕುಡಿದವರಿಗೆ ಹನ್ನೊಂದಕ್ಕೇ ಹಸಿವು.

ಕುಡ್ಲದ_ಗಂಜಿ:
ಮುದ್ದೆಗೆ ಮೇಲಿಂದ ತುಪ್ಪ ಎಷ್ಟು ಹಾಕುತ್ತೀರಿ, ಅದನ್ನು ಹೇಳಿ ಮೊದಲು.

ಮುದ್ದೆ_ಮಂಡ್ಯ:
ತುಪ್ಪ ಇಲ್ಲದೆ ಮುದ್ದೆ ಏನು ಚೆಂದ?

ಎಣ್ಣೆ_ಲೆಕ್ಕ:
ಒಂದು ದೊಡ್ಡ ಚಮಚ ತುಪ್ಪ ಅಂದರೆ 120ರ ಹತ್ತಿರ ಕ್ಯಾಲೊರಿ.

ಮುದ್ದೆ_ಮಂಡ್ಯ:
ನಿಮ್ಮನ್ನು ಯಾರೂ ಕೇಳಲಿಲ್ಲ.

ಬೆಳಗಿನ_ಮಾತ್ರೆ:
ಇಷ್ಟು ಹೊತ್ತು ಓದಿ ಸಾಕಾಯಿತು. ಎಲ್ಲರೂ ಬಾಯಿ ಕಟ್ಟಿದರೆ ಇಳಿಯುತ್ತದೆ ಅನ್ನೋ ಥರ ಮಾತಾಡುತ್ತಿದ್ದೀರಿ. ನನಗೆ ಥೈರಾಯಿಡ್. ಎಂಟು ತಿಂಗಳು ಬೆಳಗ್ಗೆ ನಡೆದೆ, ಸಕ್ಕರೆ ಬಿಟ್ಟೆ, ಇಳಿದದ್ದು 900 ಗ್ರಾಂ. ಒಂಬೈನೂರು! ರಕ್ತ ಪರೀಕ್ಷೆ ಮೂರು ಸಲ, ಒಟ್ಟು 2,700. ಆಮೇಲೆ ಗೊತ್ತಾದದ್ದು, ಮಾತ್ರೆ ನುಂಗಿದ ಐದೇ ನಿಮಿಷಕ್ಕೆ ಫಿಲ್ಟರ್ ಕಾಫಿ ಕುಡಿಯುತ್ತಿದ್ದೆ. ಕಾಫಿ ಜೊತೆಗೆ ಮಾತ್ರೆ ಸರಿಯಾಗಿ ಮೈಗೆ ಹತ್ತುವುದಿಲ್ಲವಂತೆ. ಈಗ ಅಲಾರಂ ಇಟ್ಟು 5:15ಕ್ಕೆ ಮಾತ್ರೆ, 6:15ಕ್ಕೆ ಕಾಫಿ. ಆ ಒಂದು ಗಂಟೆ ನನ್ನ ಮುಖ ಯಾರೂ ನೋಡಬಾರದು. ಆಮೇಲಿನ ಆರು ತಿಂಗಳಲ್ಲಿ 4 ಕೆಜಿ ಹೋಯಿತು.

ಹುಬ್ಬಳ್ಳಿ_ಡಂಬೆಲ್:
ಥೈರಾಯಿಡ್ ಅನ್ನೋದು ಅರ್ಧ ಜನಕ್ಕೆ ನೆಪ ಆಗಿದೆ ಅಕ್ಕಾ. ನಿಮಗಂತ ಹೇಳಿದ್ದಲ್ಲ.

ಬೆಳಗಿನ_ಮಾತ್ರೆ:
ನನಗಂತ ಹೇಳಿದ್ದಲ್ಲದಿದ್ದರೆ ನನ್ನ ಮಾತಿನ ಕೆಳಗೆ ಯಾಕೆ ಹೇಳಿದಿರಿ? ನಿಮ್ಮಮ್ಮನಿಗೆ ಥೈರಾಯಿಡ್ ಬಂದಾಗಲೂ ನೆಪ ಅನ್ನಿ, ಸೌಟು ಎಲ್ಲಿ ಬೀಳುತ್ತದೆ ಗೊತ್ತಾಗುತ್ತದೆ.

ಸುಟ್ಟ_ಕೈ:
ಸರಿಯಾಗಿ ಹೇಳಿದಿರಿ. ನನ್ನ ಪಕ್ಕದ ಮನೆಯವರೂ ಹೀಗೇ. ನಿಮಗಂತ ಅಲ್ಲ, ನಿಮಗಂತ ಅಲ್ಲ ಅಂತಲೇ 18,500 ಕಿತ್ತರು.

ಹುಬ್ಬಳ್ಳಿ_ಡಂಬೆಲ್:
ತಪ್ಪಾಯಿತ್ರಿ. ಆದರೆ ಪೌಡರ್ ಮಾರುವವರಿಗೆ ನನ್ನನ್ನು ಹೋಲಿಸಬೇಡಿ.

ಮೈಸೂರ್_ಮಲ್ಲಿಗೆ:
ಎಲ್ಲರಿಗೂ ಥ್ಯಾಂಕ್ಸ್. ಎಣ್ಣೆಯ ಐಡಿಯಾ ಹಿಡಿಸಿತು, ಆದರೆ ನಮ್ಮತ್ತೆಯ ಗಿಂಡಿ ಅವರ ತವರಿನದು, ಮುಟ್ಟುವ ಹಾಗಿಲ್ಲ. ಮಂಡಿ ನೋವಿನ ಬಗ್ಗೆ ಯಾರಾದರೂ ಹೇಳುತ್ತೀರಾ? ನಡೆಯಬಹುದಾ, ಬೇಡವಾ?

ಕೆರೆಏರಿ_ಮೇಷ್ಟ್ರು:
ಸಪಾಟು ನೆಲದಲ್ಲಿ ಹತ್ತು ಹದಿನೈದು ನಿಮಿಷದಿಂದ ಶುರು ಮಾಡಮ್ಮ, ಒಂದು ಸಲ ಡಾಕ್ಟರಿಗೆ ತೋರಿಸಿಕೋ. ಚಾಮುಂಡಿ ಬೆಟ್ಟದ ಮೆಟ್ಟಿಲು ಮಾತ್ರ ಈಗಲೇ ಬೇಡ. ನಾನು ಒಂದು ಸಲ ಆಷಾಢ ಶುಕ್ರವಾರ ಅಂತ ಹತ್ತಿದೆ. ಹತ್ತುವಾಗ ಏನೂ ಇಲ್ಲ. ಇಳಿಯುವಾಗ ನಂದಿ ಹತ್ತಿರ ಕೂತವನು ಏಳಲಿಲ್ಲ. ಆಟೋ 350 ಕೇಳಿದ, 300ಕ್ಕೆ ಒಪ್ಪಿಸಿದೆ.

ಹುಬ್ಬಳ್ಳಿ_ಡಂಬೆಲ್:
ಮಂಡಿಗೆ ತೊಡೆ ಗಟ್ಟಿಯಾಗಬೇಕ್ರಿ. ಕುರ್ಚಿಯಿಂದ ಕೈ ಊರದೆ ಎದ್ದು ಕೂರುವುದು, ನೋವಾಗದಷ್ಟು ಮಾತ್ರ. ಹತ್ತು ಸಲದಿಂದ ಶುರು ಮಾಡಿ. ಬ್ಯಾಂಕಿನ ಕುರ್ಚಿಯಲ್ಲೇ ಆಗುತ್ತದೆ. ಚಕ್ರ ಇರುವ ಕುರ್ಚಿ ಬೇಡ, ನಾನು ಬಿದ್ದಿದ್ದೇನೆ.

ಮುದ್ದೆ_ಮಂಡ್ಯ:
ಮಂಡಿಗೆ ರಾಗಿಯೇ ಒಳ್ಳೆಯದು. ಕ್ಯಾಲ್ಸಿಯಂ ಇದೆ ಅಂತ ಮಂಗಳೂರಿನವರೇ ಒಪ್ಪಿದ್ದಾರೆ.

ಕುಡ್ಲದ_ಗಂಜಿ:
ತುಪ್ಪದ ಲೆಕ್ಕ ಇನ್ನೂ ಬಂದಿಲ್ಲ.